ಖಾಡಿಯ ಆಡು

ಆ ಕಾಲದಲ್ಲಿ ರಬಾಳೆಯ ಖಾಡಿಗೆ ಗೋಡೆ ಇರಲಿಲ್ಲ. ಸಮುದ್ರದ ನೀರು ಒಳಗೆ ಬಂದು ಹೋಗುವ ಜಾಗ ಅದು. ನೀರು ಇಳಿದರೆ ನಮ್ಮ ತಗಡಿನ ಪತ್ರಾ ಗುಡಿಸಲಿನ ಹಿಂದಿನಿಂದಲೇ ಕೆಸರು. ಕಾರ್ಖಾನೆಯ ಹೊಗೆ, ಒಣಮೀನು, ಕೊಳೆತ ಎಲೆ ಎಲ್ಲ ಸೇರಿ ಒಂದು ವಾಸನೆ ಬರುತ್ತಿತ್ತು. ಇವತ್ತಿಗೂ ಆ ವಾಸನೆ ಮೂಗಿಗೆ ಬಡಿದರೆ ನನಗೆ ಹಸಿವಾಗುತ್ತದೆ.

ಕಲಬುರಗಿ ಕಡೆಯಿಂದ ಈ ದೂರದ ಮಹಾನಗರದ ಅಂಚಿಗೆ ಹೊಸದಾಗಿ ಬಂದಿದ್ದೆವು. ಅಪ್ಪ ಅವ್ವ ಬಿಲ್ಡಿಂಗ್ ಕೆಲಸಕ್ಕೆ ಹೋದರೆ ತಂಗಿ ನಿಂಗಿಯನ್ನು ನೋಡಿಕೊಳ್ಳುವುದು ನನ್ನ ಪಾಲು. ನನ್ನ ಶಾಲೆ ಅಲ್ಲಿಗೇ ನಿಂತಿತು. ಅದಕ್ಕೆ ನನಗೆ ನಾಚಿಕೆಯಿಲ್ಲ. ಒಂದು ಜೀವ ನನ್ನ ಕೈಯಲ್ಲಿತ್ತು. ನಿಂಗಿ ಊಟ ಬಿಟ್ಟಿದ್ದಳು. ಊರಲ್ಲಿ ಅಜ್ಜಿಯ ಬಳಿ ಬಿಟ್ಟುಬಂದ ಚಂದ್ರಿ ಎಂಬ ಆಡೇ ಬೇಕೆಂದು ಹಟ. ಕೈಕಾಲು ಕಡ್ಡಿಯಾಗಿದ್ದವು.

"ಈ ಕೂಸು ಉಳೀತದೋ ಇಲ್ಲೋ," ಎಂದು ಅವ್ವ ಒಲೆಯ ಮುಂದೆ ಕೂತು ಅಂದದ್ದು ನನ್ನ ಕಿವಿಗೆ ಬಿತ್ತು.

ಮರುದಿನ ಜೋಳದ ರೊಟ್ಟಿ, ಶೇಂಗಾ ಹಿಂಡಿ ಹಿಡಿದು ಅವಳನ್ನು ದಂಡೆಗೆ ಕರೆದೊಯ್ದೆ.

"ಚಂದ್ರಿ ಇಲ್ಲಿಗಿ ಬರ್ತದ, ತಿನ್ನು."

"ಸುಳ್ಳ. ರಾಡ್ಯಾಗ ಅದರ ಕಾಲು ಹುಗೀತಾವ."

"ಅದರ ಮರಿಗಿ ಹುಗಿಯಂಗಿಲ್ಲ. ಗೊರಸು ರೊಟ್ಟಿ ಹಂಗ ಅಗಲ ಆಗ್ತಾವ. ಒಂದು ತುತ್ತು ತಿಂದ್ರ ಮುಂದಿಂದು ಹೇಳ್ತೀನಿ."

ಬಾಯಿ ತೆರೆದಳು. ಆಮೇಲೆ ನನ್ನ ಕತೆಯಲ್ಲಿ ತುತ್ತಿಗೊಂದು ಅಂಗ ಬದಲಾಗುತ್ತ ಹೋಯಿತು. ಮರಿಯ ಮರಿಗೆ ಕೊಕ್ಕರೆಯಂಥ ಉದ್ದ ಕಾಲು. ಅದರ ಮರಿಗೆ ನೀರು ಜಾರುವ ಎಣ್ಣೆಗೂದಲು, ನೀರೇರಿದಾಗ ತಾನಾಗಿ ಮುಚ್ಚಿಕೊಳ್ಳುವ ಮೂಗು. ಮೇವಿಗೆ ದಂಡೆಯ ಗಿಡದ ಎಲೆ. ನಾವೂ ನೆಕ್ಕಿ ನೋಡಿದ್ದೆವು, ಉಪ್ಪುಪ್ಪು.

"ಆಡು ಎಲ್ಲರೆ ಹಂಗ ಬದಲಿ ಆಗ್ತದೇನು?" ಎಂದು ಒಂದು ದಿನ ತುತ್ತು ದೂಡಿದಳು.

ಅಷ್ಟರಲ್ಲಿ ಕೆಸರಿನ ಮೇಲೆ ಕಣ್ಣುಬ್ಬಿದ ಮೀನೊಂದು ರೆಕ್ಕೆ ಊರಿಕೊಂಡು ತೆವಳುತ್ತ ಹೊರಟಿತ್ತು.

"ನೋಡಲ್ಲಿ, ಮೀನೇ ನಡೀಲಾಕ ಕಲ್ತದ. ಆಡಿಗಿ ಈಜು ಬರಲ್ಲೇನು?"

ಅವತ್ತು ಪೂರ್ತಿ ರೊಟ್ಟಿ ತಿಂದಳು. ತಿನ್ನುತ್ತಲೇ ಕೇಳಿದಳು:

"ಇಷ್ಟು ಉಪ್ಪು ಹೊಟ್ಟ್ಯಾಗ ಹೋದ್ರ ಸಾಯಲ್ಲೇನಣ್ಣಾ?"

"ಕಣ್ಣಾಗಿಂದ ಹೊರಗ ಹಾಕ್ತದ."

"ಅಂದ್ರ ದಿನಾ ಅಳ್ತದ?"

"ಅಳಾದಲ್ಲ ಹುಚ್ಚಿ, ಉಪ್ಪು ತೆಗೀತದ."

ಅಂದಿನಿಂದ ಅವಳು ಅತ್ತಾಗ ಅವ್ವ ಯಾಕೆಂದು ಕೇಳಿದರೆ, "ಅಳ್ಲಕತ್ತಿಲ್ಲ, ಉಪ್ಪು ತೆಗಿಲಕತ್ತೀನಿ," ಎನ್ನುತ್ತಿದ್ದಳು. ಅಳುತ್ತಲೇ ಉಣ್ಣುತ್ತಿದ್ದಳು. ಮಳೆಗಾಲದ ಹೊತ್ತಿಗೆ ಕೆನ್ನೆ ತುಂಬಿಕೊಂಡವು. ಒಂದೇ ಚಿಂತೆ ಉಳಿದಿತ್ತು ಅವಳಿಗೆ.

"ಅಷ್ಟು ಮರಿ ಆಗೋದ್ರಾಗ ಅದು ನನ್ನ ಗುರ್ತು ಹಿಡೀತದೇನು?"

"ಹಿಡೀತದ," ಎಂದಿದ್ದೆ.

ಈಗ ನಾನು ಟೈಲ್ಸ್ ಕೆಲಸದ ಠೇಕೇದಾರ, ನನ್ನ ಕೈಕೆಳಗೆ ಜನರಿದ್ದಾರೆ. ನಿಂಗಿಯ ಸಂಸಾರ ಕಾಮೋಠೆಯಲ್ಲಿ. ಹೋದ ಭಾನುವಾರ ಅವಳ ಮಗನನ್ನೂ ಕರೆದುಕೊಂಡು ನಾವಿಬ್ಬರೂ ಆ ಹಳೆಯ ಖಾಡಿಗೆ ಹೋದೆವು. ಗುಡಿಸಲಿದ್ದಲ್ಲಿ ರಸ್ತೆ, ಅದರಾಚೆ ನಮ್ಮೆತ್ತರ ಮೀರಿದ ಗೋಡೆ. ವಾಸನೆಯೊಂದು ಮಾತ್ರ ಗೋಡೆ ಹತ್ತಿ ಬಂತು.

"ಮಾಮಾ, ಇಧರ್ ಕ್ಯಾ ಹೈ?" ಎಂದ ಹುಡುಗ.

"ಇಲ್ಲೊಂದು ಆಡು ಇತ್ತಪಾ, ನೀರಾಗ."

"ಬಕ್ರಿ? ಪಾನೀ ಮೇ?" ಎಂದು ನಕ್ಕ.

ನಿಂಗಿ ಸೆರಗಿನಿಂದ ಕಣ್ಣೊರೆಸಿಕೊಂಡಳು.

"ಮಮ್ಮಿ, ರೋ ರಹೀ ಹೈ ಕ್ಯಾ?"

"ಇಲ್ಲೋ, ಉಪ್ಪು ತೆಗಿಲಕತ್ತೀನಿ."

ಹುಡುಗ ಅರ್ಥವಾಗದೆ ನನ್ನ ಮುಖ ನೋಡಿದ. ದಿನವಿಡೀ ಹಿಂದಿಯಲ್ಲೇ ಕೆಲಸ ತೆಗೆಯುವವನು ನಾನು. ಆ ಒಂದು ಮಾತನ್ನು ಮಾತ್ರ ಅವನಿಗೆ ಹಿಂದಿಯಲ್ಲಿ ಹೇಳಿಕೊಡಲು ನನಗೆ ಬರಲಿಲ್ಲ.