ಸಂಕೇಶ್ವರದ ಡಾಕ್ಟರು ತೋರಿಸಿದ ನಾಡಿ

ಡಾಕ್ಟರ ಬಲಗಾಲಿನ ಚಪ್ಪಲಿಯನ್ನು ಹೆಬ್ಬೆರಳಿನ ಬುಡದ ಬಳಿ ಕತ್ತರಿಸಿದ್ದರು. ಅಲ್ಲಿಂದ ಹೊರಚಾಚಿದ ಗಂಟು ಕೆಂಪಗೆ, ನುಣ್ಣಗೆ ಹೊಳೆಯುತ್ತಿತ್ತು. ಸಂಕೇಶ್ವರದ ಪೇಟೆಯಲ್ಲಿದ್ದ ಅವರ ದವಾಖಾನೆಗೆ ಮೊದಲ ಸಲ ಬಂದವರ ಕಣ್ಣು ಅಲ್ಲಿಗೇ ಬೀಳುತ್ತಿತ್ತು. ಡಾಕ್ಟರು ಅದನ್ನು ಮುಚ್ಚಿಕೊಳ್ಳುತ್ತಿರಲಿಲ್ಲ. ಮಾಂಸ ತಿನ್ನುವವರಿಗೆ ಹೆಚ್ಚಾಗಿ ಬರುವ ಈ ಬೇನೆ ಮಾಂಸವನ್ನೇ ಮುಟ್ಟದ ತಮಗೂ ಬಂತಲ್ಲ ಎಂದು ನಗುತ್ತಿದ್ದರು.

ನಾನಾಗ ಘೋಡಗೇರಿಯ ಶಾಲೆಯಲ್ಲಿ ಮಾಸ್ತರ. ವಯಸ್ಸು ಮೂವತ್ತೆಂಟು. ನನ್ನ ಕಾಲಿನ ಹೆಬ್ಬೆರಳೂ ಆಗಾಗ ಬಾತು, ಹೊದಿಕೆ ತಾಗಿದರೂ ಜೀವ ಹೋದಂತಾಗುತ್ತಿತ್ತು. ಬೈಕಿನ ಕಿಕ್ ಹೊಡೆದು ಉಳುಕಿದೆ ಎಂದುಕೊಂಡು, ಅಂಗಡಿಯಿಂದ ನೋವಿನ ಗುಳಿಗೆ ತಂದು ನುಂಗುತ್ತ ವರ್ಷ ಕಳೆದಿದ್ದೆ. ಅಕ್ಕನ ಮಗಳ ನಿಶ್ಚಯದ ಹಿಂದಿನ ದಿನ ಕಾಲೂರಲೂ ಆಗದೆ, ಒಂದು ಇಂಜೆಕ್ಷನ್ ಮಾಡಿಸಿಕೊಂಡು ಬರೋಣವೆಂದು ಅವರಲ್ಲಿಗೆ ಹೋದೆ.

ಅವರು ಮೊದಲು ಕಾಲು ನೋಡಲಿಲ್ಲ. ಐದು ನಿಮಿಷ ಸುಮ್ಮನೆ ಕೂರಿಸಿದರು. ಬಿಪಿ ನೋಡುವ ಮುಂಚೆ ರೋಗಿ ಬಾಯಿ ತೆರೆಯಕೂಡದು ಎಂಬುದು ಅವರ ನಿಯಮ. ಆ ಹೊತ್ತಿನಲ್ಲಿ ಪೇಟೆಯ ಸುದ್ದಿಯನ್ನೆಲ್ಲ ಅವರೇ ಹೇಳುತ್ತಿದ್ದರು. ತೋಳಿಗೆ ಪಟ್ಟಿ ಕಟ್ಟಿ ಎರಡು ಸಲ ನೋಡಿದರು. ಬಿಪಿ ವಿಪರೀತ ಏರಿತ್ತು. ಕೂಡಲೇ ರಕ್ತ ತೆಗೆಸಿದರು. ಸಂಜೆ ಬಂದ ವರದಿಯಲ್ಲಿ ಯೂರಿಕ್ ಆಸಿಡ್ ಕೂಡ ಹೆಚ್ಚಾಗಿತ್ತು. ಹೆಬ್ಬೆರಳು ಬಾಯುತ್ತಿದ್ದುದು ಅದರಿಂದಲೇ, ಉಳುಕಿನಿಂದಲ್ಲ. ನೋವಿನ ಗುಳಿಗೆಗಳು ಬಿಪಿ ಏರಿಸುತ್ತವೆ, ಕಿಡ್ನಿ ಕೆಡಿಸುತ್ತವೆ ಎಂದು ಬೈದರು. ಬಿಪಿಯ ಗುಳಿಗೆ ಮಾತ್ರ ಬೇಡವೆಂದೆ. ಒಮ್ಮೆ ಶುರು ಮಾಡಿದರೆ ಸಾಯುವ ತನಕ ಬಿಡುವಂತಿಲ್ಲ ಎಂಬ ಹೆದರಿಕೆ ನನಗೆ.

ಡಾಕ್ಟರು ವಾದಿಸಲಿಲ್ಲ. ತಮ್ಮ ಕೈ ಚಾಚಿ, ನಾಡಿ ಹಿಡಿದು ನೋಡಲು ಹೇಳಿದರು. ನನ್ನ ಬೆರಳ ಕೆಳಗೆ ಅವರ ರಕ್ತನಾಳ ಹೊಸೆದ ಹಗ್ಗದಂತೆ ಗಟ್ಟಿಯಾಗಿ, ಬಿರುಸಾಗಿ ಕೈಗೆ ಹತ್ತಿತು. ಆಮೇಲೆ ನನ್ನ ನಾಡಿಯನ್ನು ನನ್ನಿಂದಲೇ ಹಿಡಿಸಿದರು. ಅದು ಒತ್ತಿದರೆ ತಗ್ಗುತ್ತಿತ್ತು.

“ನಿಮ್ಮ ವಯಸ್ಸಿನ್ಯಾಗ ನನಗೂ ಇವೆರಡೂ ಇದ್ದೂರಿ, ಮಾಸ್ತರ,” ಅಂದರು. “ಮಂದಿಗೆ ಗುಳಿಗಿ ಬರಕೊಟ್ಟೆ, ನಾ ತಗೊಳ್ಳಲಿಲ್ಲ. ಯೂರಿಕ್ ಆಸಿಡ್ ಒಂದರಿಂದನ ನಾಳ ಬಿರುಸಾತು ಅಂತ ನಾ ಹೇಳೂದಿಲ್ಲ. ಆದ್ರ ಬಿಪಿ ಇದ್ದಾವ್ರಿಗೆ ಅದೂ ಏರಿತಂದ್ರ ಸುಮ್ನ ಕುಂದ್ರಬಾರದು. ನಿಮ್ಮ ನಾಳ ಇನ್ನೂ ಮೆತ್ತಗ ಐತಿ.”

ಅಂದೇ ಗುಳಿಗೆ ಶುರುವಾಯಿತು. ಕಾಲಿನ ಬಾವು ಇಳಿಯದೆ ನಿಶ್ಚಯಕ್ಕೆ ಹೋಗಲಾಗಲಿಲ್ಲ. ಅಕ್ಕ ಒಂದು ವರ್ಷ ಮಾತು ಬಿಟ್ಟಳು.

ಮುಂದೆ ಹನ್ನೊಂದು ವರ್ಷ, ಮೂರು ತಿಂಗಳಿಗೊಮ್ಮೆ, ಸೋಮವಾರ ಅವರ ಬಳಿ ಹೋದೆ. ಹೆಬ್ಬೆರಳಿನ ನೋವು ಮರೆತೇ ಹೋಯಿತು. ಕುರುಬರ ಮನೆಯಲ್ಲಿ ಹುಟ್ಟಿದ ನನಗೆ ಅವರು ಮಟನ್ ಪೂರ್ತಿ ಬಿಡಿಸಲಿಲ್ಲ. ಬಡಿಸಿದ್ದರಲ್ಲಿ ಅರ್ಧ ಹೆಂಡತಿಗೆ ಕೊಡಿ ಎನ್ನುತ್ತಿದ್ದರು.

ಹೋದ ವರ್ಷ ಪರೀಕ್ಷೆ, ಗಣತಿ ಎಂದು ಎರಡು ಸರದಿ ತಪ್ಪಿಸಿದೆ. ಗುಳಿಗೆಯೂ ಅಷ್ಟಿಷ್ಟು ತಪ್ಪಿತು. ಆಗಲೇ ಸುದ್ದಿ ಬಂತು. ಡಾಕ್ಟರಿಗೆ ಲಕ್ವ ಹೊಡೆದು ಕೊಲ್ಲಾಪುರಕ್ಕೆ ಒಯ್ದಿದ್ದರಂತೆ, ನಾಲ್ಕನೇ ದಿನ ತೀರಿಕೊಂಡರಂತೆ. ಮನೆಗೆ ಹೋದಾಗ ಅವರ ಹೆಂಡತಿ ನನ್ನನ್ನು ಬದಿಗೆ ಕರೆದು ಕೂರಿಸಿದರು. ಆಸ್ಪತ್ರೆಯಲ್ಲಿ ಡಾಕ್ಟರ ಮಾತು ತೊದಲುತ್ತಿತ್ತಂತೆ.

“ಘೋಡಗೇರಿ ಮಾಸ್ತರ ಬಂದಿದ್ರೇನು ಅಂತ ಎರಡ ಸಲ ಕೇಳಿದ್ರು,” ಅಂದರು. “ಬಂದಿದ್ರು, ಬಿಪಿ ಚಲೋ ಐತಿ ಅಂತ ಸುಳ್ಳ ಹೇಳೇನ್ರಿ. ಅದನ್ನ ಖರೆ ಮಾಡ್ರಿ.”

ಆ ರಾತ್ರಿ ಗುಳಿಗೆ ತಪ್ಪಿಸಲಿಲ್ಲ. ಮರುದಿನ ರಜೆ ಹಾಕಿ ಹುಕ್ಕೇರಿಯ ಆಸ್ಪತ್ರೆಗೆ ಹೋಗಿ, ಬಿಪಿ ನೋಡಿಸಿ, ಪರೀಕ್ಷೆಗೆ ರಕ್ತ ಕೊಡಲು ನಿಂತೆ. ನಿಮ್ಮ ಡಾಕ್ಟರು ಯಾರು ಎಂದು ಚೀಟಿ ಬರೆಯುವ ಹುಡುಗಿ ಕೇಳಿದಳು. ನಾನು ಸಂಕೇಶ್ವರದ ಡಾಕ್ಟರ ಹೆಸರನ್ನೇ ಹೇಳಿದೆ.