ಸ್ವೆಟರಿನೊಳಗಿನ ಫ್ಲಾಸ್ಕು

ಚಂದ್ರಾ ಲೇಔಟಿನ ನಮ್ಮ ಮನೆ ಮಾಲೀಕರು ನಲ್ಲಿ ಸೋರಿದರೂ, ಕರೆಂಟು ಹೋದರೂ "ನಾನಿದೀನಲ್ಲ" ಎನ್ನುತ್ತಿದ್ದರು. ಅವರ ಹೆಂಡತಿಗೆ ರಕ್ತ ಕಡಿಮೆಯಾಗಿ ಎದ್ದು ನಿಲ್ಲಲೂ ಆಗದಂತಾಯಿತು. ಮನೆಯಲ್ಲಿ ತೆಗೆದ ರಕ್ತ ಲ್ಯಾಬು ಸೇರುವಷ್ಟರಲ್ಲಿ ಗಂಟುಗಟ್ಟಿ, ಮೆಷಿನ್ನು ಏನೇನೋ ಲೆಕ್ಕ ತೋರಿಸುತ್ತಿತ್ತು.

"ತಣ್ಣಗಾದ್ರೆ ಅಂಟ್ಕೊಳ್ಳೋ ರಕ್ತ ಇರ್ಬಹುದು. ಮೈಬಿಸಿಯಲ್ಲೇ ಕೆಂಗೇರಿಯ ನಮ್ಮ ಲ್ಯಾಬಿಗೆ ತನ್ನಿ," ಎಂದರು ಲ್ಯಾಬಿನ ಡಾಕ್ಟರು.

"ನಾನಿದೀನಲ್ಲ!"

ಮಗುವಿನ ಸ್ನಾನಕ್ಕೆ ನೋಡುವಂತೆ ಮೊಣಕೈ ಅದ್ದಿ ನೀರಿನ ಬಿಸಿ ನೋಡಿದರು. ಅದನ್ನು ಫ್ಲಾಸ್ಕಿಗೆ ಸುರಿದು, ರಕ್ತದ ಟ್ಯೂಬನ್ನು ಒಳಗಿಟ್ಟು, ಸುಡುಬೇಸಿಗೆಯಲ್ಲಿ ಸ್ವೆಟರಿನೊಳಗೆ ಅಪ್ಪಿಕೊಂಡು ನನ್ನ ಜೊತೆ ಮೆಟ್ರೋಗೆ ಹೊರಟರು.

"ಒಳಗೇನ್ ಸಾರ್?" ಎಂದ ಸೆಕ್ಯುರಿಟಿ.

"ನಮ್ಮನೆಯವ್ರು ಕಣಪ್ಪ. ತಣ್ಣಗಾದ್ರೆ ಕೆಟ್ಟೋಗ್ತಾರೆ."

ಆತ ನನ್ನ ಮುಖ ನೋಡಿದ. ನಾನು ಹೌದೆಂದು ತಲೆಯಾಡಿಸಿದೆ.

ಬೆಚ್ಚಗೇ ತಲುಪಿದ ರಕ್ತದಲ್ಲಿ ಒಂದೂ ಗಂಟಿರಲಿಲ್ಲ. ಲ್ಯಾಬಿನವರು ಒಂದಿಷ್ಟನ್ನು ತಣ್ಣಗೆ ಮಾಡಿದರು, ಗಂಟಾಯಿತು. ಮತ್ತೆ ಬಿಸಿ ಮಾಡಿದರು, ಬಿಡಿಸಿಕೊಂಡಿತು. ಅಪರೂಪದ ಕಾಯಿಲೆ ಕೊನೆಗೂ ಗೊತ್ತಾಯಿತು.

ಮನೆಗೆ ಬಂದವರೇ ಹೆಂಡತಿಗೆ ಹೇಳಿದರು: "ನಿಂಗೆ ಚಳಿ ಆಗ್ಬಾರ್ದಂತೆ ಕಣೇ."

"ಚಳಿ ಚಳಿ ಅಂತ ಇಷ್ಟು ದಿನ ನಾನ್ ಬಡ್ಕೊಂಡಿದ್ದು ಇನ್ನೇನು?" ಎಂದರು ಆಕೆ.

ಮಾಲೀಕರು ಹೋಗಿ ಫ್ಯಾನು ಆರಿಸಿದರು.