ನೀರಾನೆಯ ನೆಂಟರು

ಸಿಂಚನಾ, ಚೇತನ್, ಹೋದ ವರ್ಷ ನಿಮ್ಮ ಶಾಲೆಯ ವಾರ್ಷಿಕೋತ್ಸವದಲ್ಲಿ ನಡೆದದ್ದನ್ನು ಊರೆಲ್ಲ ಹೇಳಿಕೊಂಡು ಬಂದಿದ್ದೀರಿ. ಆ ನೀರಾನೆ ವೇಷದ ಚೀಲದೊಳಗೆ ನನಗೇನಾಯಿತು ಎಂಬುದು ಮಾತ್ರ ನಿಮಗೆ ಗೊತ್ತಿಲ್ಲ. ಬಾಯಲ್ಲಿ ಹೇಳಲು ನಾಚಿಕೆ, ಅದಕ್ಕೇ ಬರೆಯುತ್ತಿದ್ದೇನೆ.

ನಿಮ್ಮದು ವಿಜ್ಞಾನದ ನಾಟಕ. ಹಿಂದಿನ ವಿಜ್ಞಾನಿಗಳು ಆನೆ, ಘೇಂಡಾಮೃಗ, ನೀರಾನೆಗಳನ್ನು ದಪ್ಪ ಚರ್ಮದವು ಎಂದು ಒಂದೇ ಗುಂಪಿಗೆ ಸೇರಿಸಿದ್ದರಂತೆ. ಆಮೇಲಿನವರು ಹಲ್ಲು, ಮೂಳೆ, ಗೊರಸು ನೋಡಿ ಬೇರೆ ಮಾಡಿದರಂತೆ. ಸಿಂಚನಾ, ನೀನು ವಿಜ್ಞಾನಿ. ಆನೆಗೆ ಕಡಲಹಸು ನೆಂಟ, ಘೇಂಡಾಮೃಗಕ್ಕೆ ಕುದುರೆ ನೆಂಟ ಎಂದು ನೀನು ಹೇಳಿದ ಮೇಲೆ ನೀರಾನೆ, "ಹಾಗಾದರೆ ನನ್ನ ನೆಂಟರು ಯಾರು?" ಎಂದು ಕೇಳಬೇಕು. ಚೇತನ್, ಆ ನೀರಾನೆ ನೀನು.

ವೇಷ ಹೊಲಿದವಳು ನಾನು. ಎಮ್ಮೆಗೆ ತಂದ ಕೊಬ್ಬರಿ ಹಿಂಡಿಯ ಖಾಲಿ ಚೀಲಗಳಿದ್ದವು. ನೀರಾನೆಯನ್ನು ನಾನು ಕಂಡವಳಲ್ಲ. ದಪ್ಪಗಿರುತ್ತದೆ ಎಂದಿರಿ, ನನ್ನ ಮೈ ಅಳತೆಗೇ ಹೊಲಿದೆ. ಆ ದಿನ ಹಾಕಿದರೆ ಚೇತನ್ ಅದರೊಳಗೆ ಕಾಣದೇ ಹೋದ, ಎದ್ದು ನಡೆಯಲಾಗದೆ ಬಿದ್ದ. ಸಿಂಚನಾ, ನೀನು ಅಳತೊಡಗಿದೆ. ನಿಮ್ಮ ಟೀಚರ್ ಚೀಲವನ್ನೂ ನನ್ನನ್ನೂ ನೋಡಿ, "ಅಜ್ಜಿ, ನೀವೇ ಹಾಕ್ಕೊಳ್ಳಿ. ಮುಖ ಕಾಣಲ್ಲ, ಒಂದೇ ಮಾತು" ಎಂದರು.

ನಿಮ್ಮ ತಾತ ಇದ್ದಾಗ ಅವರ ಬೆನ್ನ ಹಿಂದೆ ನಿಂತರೆ ಸಾಕಾಗಿತ್ತು. ಅವರು ಹೋದ ಮೇಲೆ ಮದುವೆ ಮನೆಗಳಲ್ಲಿ ಕಂಬಗಳ ಮರೆಯೇ ನನಗೆ ಗತಿ. ಆದರೂ ಸಿಂಚನಾ, ನಿನ್ನ ಅಳು ನೋಡಲಾಗದೆ ಒಳಗೆ ತೂರಿಕೊಂಡೆ.

ಶಾಲೆಯ ಜಗುಲಿಯೇ ವೇದಿಕೆ. ನನ್ನ ಸರದಿ ಬಂದಾಗ ಮಾತಾಡುವ ಬದಲು ಹಿಂದೆ ಹಿಂದೆ ಸರಿದು ಜಗುಲಿಯ ಪಕ್ಕದ ಅಂಚಿಗೆ ಹೋಗಿ ನಿಂತೆ. ನೀನು ಕಣ್ಣಲ್ಲೇ ಬೇಡುತ್ತಿದ್ದೆ. ಅಷ್ಟರಲ್ಲಿ ಹಿಂದಿನಿಂದ ಯಾರೋ ಚೀಲ ಜಗ್ಗಿದರು. ತಿರುಗಿದರೆ, ಕೆರೆಯಿಂದ ಮನೆಗೆ ಹೊರಟಿದ್ದ ನಮ್ಮ ಎಮ್ಮೆ ಕಾಳವ್ವ! ಮುಂಗಾಲೆರಡನ್ನೂ ಜಗುಲಿಗೇರಿಸಿ, ಹಿಂಡಿಯ ವಾಸನೆಗೆ ನನ್ನ ಬೆನ್ನನ್ನು ನೆಕ್ಕುತ್ತಿದ್ದಳು.

"ಬುಡೇ ಕಾಳವ್ವ, ಮನೇಗೋದ್ಮೇಲೆ ಇಕ್ತೀನಿ" ಎಂದುಬಿಟ್ಟೆ.

ದಿನಾ ಸಂಜೆ ನಾನು ಎಮ್ಮೆಯನ್ನು ಕೂಗುವ ದನಿ, ಊರಿಗೆಲ್ಲ ಗೊತ್ತು. ಪಕ್ಕದ ತೋಟದ ಶಿವಣ್ಣ, "ನೀರಾನೆ ನಮ್ಮ ಗಂಗಕ್ಕ ಕಣ್ರಪ್ಪ" ಎಂದ. ಜನವೆಲ್ಲ ನಕ್ಕರು. ನಾನು ಒಳಗೇ ಬೆವತುಹೋದೆ.

ನೀನು ಮಾತ್ರ ನಗಲಿಲ್ಲ. ಕಾಳವ್ವನ ಕಾಲು ತೋರಿಸಿ, "ನೀರಾನೆ ಕೇಳೋಕ್ಮುಂಚೆನೇ ನೆಂಟರು ಬಂದಿದ್ದಾರೆ. ಎಮ್ಮೆಗೆ ಒಂದೊಂದು ಕಾಲಲ್ಲಿ ಗೊರಸು ಎರಡು, ನೀರಾನೆಗೆ ನಾಲ್ಕು, ಎರಡೂ ಸರಿಸಂಖ್ಯೆ. ತಿಮಿಂಗಿಲಾನೂ ಇದೇ ಬಳಗ" ಎಂದೆ.

"ಅದೂ ಬರೋಕ್ಮುಂಚೆ ನಾಟ್ಕ ಮುಗಿಸವ್ವ" ಎಂದ ಶಿವಣ್ಣ.

ಇನ್ನು ಯಾರಿಂದ ಮರೆ? ತಲೆಯ ಚೀಲ ತೆಗೆದೆ. ಹೇಳದೆ ಉಳಿದಿದ್ದ ಮಾತನ್ನು ಕಾಳವ್ವನನ್ನೇ ಕೇಳಿದೆ: "ಹಾಗಾದ್ರೆ ನನ್ನ ನೆಂಟ್ರು ನೀನೇನೇ?" ಅವಳು ಚೀಲದ ಒಂದು ತುಂಡು ಕಿತ್ತುಕೊಂಡಳು.

ಈಗ ಮದುವೆಗಳಲ್ಲಿ, "ನೀರಾನೆ ಅಜ್ಜಿ, ಮುಂದೆ ಬನ್ನಿ" ಎನ್ನುತ್ತಾರೆ. ಹೋಗಿ ಕೂರುತ್ತೇನೆ. ನಾಚಿಕೆ ಹೋಗಿಲ್ಲ, ಆದರೆ ನಗುವವರ ನಡುವೆ ಕೂತರೆ ಕಂಬದ ಮರೆಗಿಂತ ಬೆಚ್ಚಗಿರುತ್ತದೆ.

ಈ ಹಾಳೆಗಳನ್ನು ಜೋಪಾನವಾಗಿಡಿ, ಮಕ್ಕಳೇ. ಹಿಂಡಿ ಕಲಸಿದ ಕೈಯಲ್ಲೇ ಬರೆದಿದ್ದೇನೆ, ಕೊಟ್ಟಿಗೆ ಕಡೆ ಮಾತ್ರ ಒಯ್ಯಬೇಡಿ.